ಐವತ್ತು ಲಕ್ಷ ಕುರಿ, ಮೂರು ಅಮೈನೋ ಆಮ್ಲ

ಮೆದುಳಿನ ಬುಡಕ್ಕೆ ಒಂದು ಸಣ್ಣ ತೊಟ್ಟಿನಿಂದ ಜೋತುಬಿದ್ದಿರುವ ಪಿಟ್ಯುಟರಿ ಗ್ರಂಥಿ ಬಟಾಣಿ ಕಾಳಿಗಿಂತ ದೊಡ್ಡದೇನಲ್ಲ. ಥೈರಾಯ್ಡ್ ಎಷ್ಟು ಸ್ರವಿಸಬೇಕು, ಅಂಡಾಶಯದಿಂದ ಅಂಡ ಯಾವಾಗ ಹೊರಬೀಳಬೇಕು, ಮಗು ಎಷ್ಟೆತ್ತರ ಬೆಳೆಯಬೇಕು ಎಂಬುದರಲ್ಲೆಲ್ಲ ಅದರ ಕೈವಾಡವಿದೆ ಎಂದು 1930ರ ದಶಕದ ಹೊತ್ತಿಗೆ ವೈದ್ಯವಿಜ್ಞಾನ ಒಪ್ಪಿಕೊಂಡಿತ್ತು. ಹಾಗಾದರೆ ಪಿಟ್ಯುಟರಿಗೆ ಅಪ್ಪಣೆ ಕೊಡುವವರು ಯಾರು? ಹಗಲು ಉದ್ದವಾಗುತ್ತಿದ್ದಂತೆ ಕೆಲವು ಪ್ರಾಣಿಗಳು ಬೆದೆಗೆ ಬರುತ್ತವೆ. ದೊಡ್ಡ ಆಘಾತಕ್ಕೆ ಸಿಕ್ಕ ಹೆಂಗಸರ ಮುಟ್ಟು ನಿಂತುಹೋಗುವುದುಂಟು. ಬೆಳಕನ್ನೂ ಆಘಾತವನ್ನೂ ಗ್ರಹಿಸುವುದು ಮೆದುಳು, ಆದ್ದರಿಂದ ಅಪ್ಪಣೆಯೂ ಅಲ್ಲಿಂದಲೇ ಬರಬೇಕು. ತೊಡಕೆಂದರೆ, ಗ್ರಂಥಿಯ ಮುಂಭಾಗಕ್ಕೆ ಹೇಳಿಕೊಳ್ಳುವಂಥ ನರತಂತುಗಳೇ ಇಳಿದಿಲ್ಲ. ಇರುವುದು ತೊಟ್ಟಿನುದ್ದಕ್ಕೂ ಇಳಿಯುವ ಅತಿ ಸೂಕ್ಷ್ಮ ರಕ್ತನಾಳಗಳು ಮಾತ್ರ. ಮೆದುಳಿನ ತಳದ ಹೈಪೊಥಲಾಮಸ್ ಎಂಬ ಭಾಗ ಈ ನಾಳಗಳಿಗೆ ಯಾವುದೋ ರಾಸಾಯನಿಕವನ್ನು ಬಿಡುತ್ತದೆ, ಅದೇ ಪಿಟ್ಯುಟರಿಗೆ ಸಿಗುವ ಅಪ್ಪಣೆ ಎಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ವಾದಿಸಿದರು. ಇನ್ನೊಬ್ಬ ವಿಜ್ಞಾನಿ ಸಾಲಿ ಜುಕರ್‌ಮನ್ ಇದನ್ನು ಒಪ್ಪಲಿಲ್ಲ. ತೊಟ್ಟು ಕತ್ತರಿಸಿದ ಫೆರೆಟ್ ಪ್ರಾಣಿಗಳೂ ಬೆಳಕಿಗೆ ಸ್ಪಂದಿಸಿ ಬೆದೆಗೆ ಬಂದವೆಂಬುದು ಅವರ ಆಕ್ಷೇಪ. ಕತ್ತರಿಸಿದ ನಾಳಗಳು ಮತ್ತೆ ಬೆಳೆದು ಕೂಡಿಕೊಳ್ಳುತ್ತವೆ, ನಡುವೆ ಅಡ್ಡತೆರೆ ಇಟ್ಟರೆ ಗ್ರಂಥಿ ಸುಮ್ಮನಾಗುತ್ತದೆ ಎಂಬುದು ಹ್ಯಾರಿಸ್ ಕೊಟ್ಟ ಉತ್ತರ. 1952ರಲ್ಲಿ ಅವರೂ ಡೋರಾ ಜೇಕಬ್‌ಸನ್ ಅವರೂ ಇಲಿಗಳ ಪಿಟ್ಯುಟರಿಯನ್ನು ಕಿತ್ತು ಹೈಪೊಥಲಾಮಸ್‌ನ ಕೆಳಗೆ ಮತ್ತೆ ನೆಟ್ಟಾಗ ಅದು ಕೆಲಸ ಮಾಡಿತು. ಮೆದುಳಿನ ಬೇರೆ ಭಾಗದ ಕೆಳಗೆ ನೆಟ್ಟಾಗ ಮಾಡಲಿಲ್ಲ. ವಾದ ಹ್ಯಾರಿಸ್ ಕಡೆಗೆ ವಾಲಿತು. ಆದರೆ ಆ ರಾಸಾಯನಿಕವನ್ನು ಯಾರೂ ಕಂಡಿರಲಿಲ್ಲ.

ಅದು ಪೆಪ್ಟೈಡ್ ಆಗಿರಬಹುದೆಂಬ ಊಹೆಗೆ ಕಾರಣಗಳಿದ್ದವು. ಜೀವಿಗಳು ಬಳಸುವ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿವೆ. ಒಂದರ ಆಮ್ಲ ತುದಿ ಇನ್ನೊಂದರ ಅಮೈನೋ ತುದಿಯೊಂದಿಗೆ ಕೂಡಿ, ನೀರಿನ ಒಂದು ಅಣುವನ್ನು ಹೊರಹಾಕಿ, ಗಟ್ಟಿಯಾದ ಬಂಧವೊಂದನ್ನು ಕಟ್ಟುತ್ತದೆ. ಹೀಗೆ ಎರಡರಿಂದ ಸುಮಾರು ಐವತ್ತರವರೆಗೆ ಕೂಡಿದ ಸರಪಳಿಯನ್ನು ಪೆಪ್ಟೈಡ್ ಎನ್ನುವುದು ರೂಢಿ. ಅದಕ್ಕೂ ಉದ್ದವಾದದ್ದು ಪ್ರೋಟೀನು. ಬರ್ಲಿನ್ನಿನ ಎಮಿಲ್ ಫಿಶರ್ 20ನೇ ಶತಮಾನದ ಮೊದಲ ದಶಕದಲ್ಲೇ ಇಂಥ ಸರಪಳಿಗಳನ್ನು ಕೈಯಾರೆ ಕಟ್ಟಿ, ಹದಿನೆಂಟು ಕೊಂಡಿಗಳವರೆಗೆ ಹೋಗಿದ್ದರು. ಆದರೆ ಅವು ಜೀವಿಗಳಲ್ಲಿ ಏನನ್ನೂ ಮಾಡುತ್ತಿರಲಿಲ್ಲ. ಹಾರ್ಮೋನಿನ ಕೆಲಸವನ್ನು ಕಟ್ಟಿದ ಪೆಪ್ಟೈಡೂ ಮಾಡುತ್ತದೆ ಎಂದು ಮೊದಲು ತೋರಿದ್ದು 1953ರಲ್ಲಿ. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಪಿಟ್ಯುಟರಿಯ ಹಿಂಭಾಗದಿಂದ ಬರುವ, ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಅನ್ನು ಒಂಬತ್ತು ಅಮೈನೋ ಆಮ್ಲಗಳಿಂದ ತಯಾರಿಸಿದರು. ಪಿಟ್ಯುಟರಿಯ ಹಿಂಭಾಗ ಮೆದುಳಿನದೇ ವಿಸ್ತರಣೆ. ಅಲ್ಲಿಯದು ಪೆಪ್ಟೈಡ್ ಆಗಿದ್ದರೆ ಹ್ಯಾರಿಸ್ ಹೇಳಿದ ಅಪ್ಪಣೆಯೂ ಪೆಪ್ಟೈಡ್ ಆಗಿರಬಾರದೇಕೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಇಬ್ಬರ ಹೆಸರು ಕೊನೆಯವರೆಗೂ ಜೋಡಿಯಾಗಿಯೇ ಉಳಿಯಿತು, ಇಬ್ಬರಿಗೂ ಅದು ಇಷ್ಟವಿರಲಿಲ್ಲವಾದರೂ. ಫ್ರಾನ್ಸಿನ ಡಿಜಾನ್‌ನಲ್ಲಿ ಹುಟ್ಟಿದ ರೋಜೆ ಗಿಯ್‌ಮ್ಯಾಂ ವೈದ್ಯ; 1953ರಲ್ಲಿ ಅಮೆರಿಕದ ಹ್ಯೂಸ್ಟನ್‌ಗೆ ಬಂದವರು. ಆಂಡ್ರೂ ಶಾಲಿ ಪೋಲೆಂಡಿನವರು; ಯುದ್ಧಕಾಲದಲ್ಲಿ ತಪ್ಪಿಸಿಕೊಂಡು ಬ್ರಿಟನ್ನಿಗೆ, ಅಲ್ಲಿಂದ ಕೆನಡಾಕ್ಕೆ ಹೋದ ಜೀವರಸಾಯನಶಾಸ್ತ್ರಜ್ಞ. ಅಡ್ರಿನಲ್ ಗ್ರಂಥಿಯ ದಾರಿಯಲ್ಲಿ ಪಿಟ್ಯುಟರಿಯನ್ನು ಎಬ್ಬಿಸುವ ಹೈಪೊಥಲಾಮಸ್ ವಸ್ತುವೊಂದು ಇದೆ ಎಂಬುದಕ್ಕೆ 1955ರ ಸುಮಾರಿಗೆ ಇಬ್ಬರೂ ಬೇರೆಬೇರೆಯಾಗಿ ಪುರಾವೆ ಕಂಡರು. 1957ರಿಂದ ಐದು ವರ್ಷ ಹ್ಯೂಸ್ಟನ್‌ನಲ್ಲಿ ಒಟ್ಟಿಗೇ ಅದನ್ನು ಹುಡುಕಿ ಸೋತರು. 1962ರಲ್ಲಿ ಶಾಲಿ ನ್ಯೂ ಆರ್ಲಿಯನ್ಸಿಗೆ ಹೋಗಿ ಸ್ವಂತ ಪ್ರಯೋಗಾಲಯ ಕಟ್ಟಿದರು. ಅಲ್ಲಿಂದಾಚೆಗೆ ಅದು ಪೈಪೋಟಿ. ಇಬ್ಬರೂ ಹಳೆಯ ಗುರಿಯನ್ನು ಬದಿಗಿಟ್ಟು ಥೈರಾಯ್ಡ್ ದಾರಿಯ ಅಪ್ಪಣೆಗೆ ಕೈಹಾಕಿದರು. ಅದಕ್ಕೆ ಟಿಆರ್‌ಎಚ್ ಎಂಬ ಹೆಸರು ನಿಂತಿತು.

ಅಳತೆಯ ಮಾತನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ಇನ್ಸುಲಿನ್‌ನಂಥ ಹಾರ್ಮೋನು ಇಡೀ ದೇಹದ ರಕ್ತದಲ್ಲಿ ಸುತ್ತಿ ಕೆಲಸ ಮಾಡಬೇಕು, ಹಾಗಾಗಿ ಮೇದೋಜೀರಕ ಗ್ರಂಥಿ ಅದನ್ನು ಕೂಡಿಟ್ಟುಕೊಂಡಿರುತ್ತದೆ. ಹೈಪೊಥಲಾಮಸ್‌ನ ಅಪ್ಪಣೆ ಸಾಗಬೇಕಾದದ್ದು ಕೆಲವೇ ಮಿಲಿಮೀಟರ್ ದೂರ, ಅದೂ ಪ್ರತ್ಯೇಕ ನಾಳದಲ್ಲಿ. ಆದ್ದರಿಂದ ಒಂದು ಪ್ರಾಣಿಯ ಮೆದುಳಿನಲ್ಲಿ ಅದು ಇರುವುದು ಒಂದು ಗ್ರಾಮಿನ ಕೋಟಿಯ ಭಾಗಗಳ ಲೆಕ್ಕದಲ್ಲಿ. ಅಂದಿನ ರಾಸಾಯನಿಕ ವಿಶ್ಲೇಷಣೆಗೆ ಮಿಲಿಗ್ರಾಂಗಳೇ ಬೇಕಿದ್ದವು. ಉಳಿದ ದಾರಿ ಕಸಾಯಿಖಾನೆ. ಗಿಯ್‌ಮ್ಯಾಂ ಕುರಿಯನ್ನು ಆರಿಸಿಕೊಂಡರು, ಶಾಲಿ ಹಂದಿಯನ್ನು. ಗಿಯ್‌ಮ್ಯಾಂ ತಂಡ ವರ್ಷಗಳ ಅವಧಿಯಲ್ಲಿ 50 ಲಕ್ಷ ಕುರಿಗಳ ಹೈಪೊಥಲಾಮಸ್ ತುಣುಕುಗಳನ್ನು ಸಂಸ್ಕರಿಸಿತು. ಅದಕ್ಕಾಗಿ ತರಿಸಿದ ಮೆದುಳಿನ ಒಟ್ಟು ತೂಕ 500 ಟನ್ ದಾಟಿತ್ತು. ಶಾಲಿಗೆ ಆಸ್ಕರ್ ಮೇಯರ್ ಎಂಬ ಮಾಂಸದ ಕಂಪನಿ ಹಂದಿಯ ಹೈಪೊಥಲಾಮಸ್‌ಗಳನ್ನು ಉಚಿತವಾಗಿ ಕೊಟ್ಟಿತು. ಅರೆದು, ಸೋಸಿ, ಹಂತಹಂತವಾಗಿ ಬೇರ್ಪಡಿಸಿ, ಪ್ರತಿ ಹಂತದಲ್ಲೂ ಇಲಿ ಪ್ರಯೋಗದಿಂದ ಪರೀಕ್ಷಿಸಿ ಸಿಕ್ಕಿದ್ದೆಷ್ಟು? ಒಂದು ಲಕ್ಷ ಹಂದಿಗಳಿಂದ 2.8 ಮಿಲಿಗ್ರಾಂ, ಮೂರು ಲಕ್ಷ ಕುರಿಗಳಿಂದ 1 ಮಿಲಿಗ್ರಾಂ. ಇಷ್ಟು ಹಣ ಮತ್ತು ಯಂತ್ರಬಲ ಬೇಡುವ ಕೆಲಸವನ್ನು ಆವರೆಗಿನ ಶರೀರವಿಜ್ಞಾನ ಕಂಡಿರಲಿಲ್ಲ. ಹ್ಯಾರಿಸ್ ಅವರಂಥ ಸೂಕ್ಷ್ಮ ಶಸ್ತ್ರಕಾರರ ಜಾಗಕ್ಕೆ ಪೀಪಾಯಿಗಳೂ ಪಂಪುಗಳೂ ಬಂದವು.

ಹಾಗೆ ನೋಡಿದರೆ ಶಾಲಿ 1966ರಲ್ಲೇ ಗೆದ್ದಿರಬೇಕಿತ್ತು. ತಮ್ಮಲ್ಲಿದ್ದ ಶುದ್ಧ ವಸ್ತುವನ್ನು ಆಮ್ಲದಲ್ಲಿ ಕಾಯಿಸಿದಾಗ ಗ್ಲುಟಾಮಿಕ್ ಆಮ್ಲ, ಹಿಸ್ಟಿಡಿನ್, ಪ್ರೋಲಿನ್ ಎಂಬ ಮೂರು ಅಮೈನೋ ಆಮ್ಲಗಳು ಸರಿಸಮವಾಗಿ ಸಿಕ್ಕಿದವು. ಉತ್ತರ ಕಣ್ಣೆದುರಿಗಿತ್ತು. ಆದರೆ ಈ ಮೂರೂ ಸೇರಿ ವಸ್ತುವಿನ ತೂಕದ ಶೇ. 30ರಷ್ಟನ್ನು ಮಾತ್ರ ತುಂಬುತ್ತಿದ್ದವು. ಪ್ರೋಟೀನು ಕಡಿಯುವ ಕಿಣ್ವಗಳು ಅದನ್ನು ಕೆಡಿಸಲಿಲ್ಲ. ಔಷಧ ಕಂಪನಿಯ ರಸಾಯನಶಾಸ್ತ್ರಜ್ಞರು ಅವೇ ಮೂರನ್ನು ಕೂಡಿಸಿ ತಯಾರಿಸಿಕೊಟ್ಟ ಪೆಪ್ಟೈಡ್‌ಗಳಿಗೆ ಪಿಟ್ಯುಟರಿ ಓಗೊಡಲಿಲ್ಲ. ಹೀಗಾಗಿ ಇದು ಸರಳ ಪೆಪ್ಟೈಡ್ ಅಲ್ಲ, ಬೇರೇನೋ ದೊಡ್ಡ ಭಾಗ ಇದಕ್ಕೆ ಅಂಟಿಕೊಂಡಿದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಇದನ್ನು ಅವಿವೇಕವೆನ್ನಲಾಗದು, ಎದುರಿಗಿದ್ದ ಪುರಾವೆ ಹೇಳುತ್ತಿದ್ದುದೇ ಅದನ್ನು. ಪುರಾವೆ ದಾರಿತಪ್ಪಿಸಿದ್ದಕ್ಕೆ ಕಾರಣ ಆ ಅಣುವಿನ ತುದಿಗಳಲ್ಲಿತ್ತು. ಗ್ಲುಟಾಮಿಕ್ ಆಮ್ಲ ತನ್ನ ಅಮೈನೋ ತುದಿಯನ್ನು ತಾನೇ ಹಿಂದಕ್ಕೆ ಬಾಗಿಸಿ ಉಂಗುರವಾಗಿ ಮುಚ್ಚಿಕೊಂಡಿತ್ತು. ಇನ್ನೊಂದು ಕೊನೆಯಲ್ಲಿ ಪ್ರೋಲಿನ್‌ನ ಆಮ್ಲ ತುದಿಗೆ ಅಮೈಡ್ ಎಂಬ ಸಣ್ಣ ಗುಂಪು ಅಂಟಿ ಅದೂ ಮುಚ್ಚಿತ್ತು. ಪೆಪ್ಟೈಡ್‌ನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ಓದುವ ಅಂದಿನ ವಿಧಾನಕ್ಕೂ, ತುದಿಯಿಂದ ಕಡಿಯುತ್ತಾ ಬರುವ ಕಿಣ್ವಗಳಿಗೂ ಹಿಡಿದುಕೊಳ್ಳಲು ತೆರೆದ ತುದಿ ಬೇಕು. ಇಲ್ಲಿ ಎರಡೂ ಕಡೆ ಬಾಗಿಲು ಹಾಕಿತ್ತು. ದೇಹದ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ: ಮೂರೇ ಕೊಂಡಿಯ ಅಣು ಕಿಣ್ವಗಳ ನಡುವೆ ಸ್ವಲ್ಪ ಹೊತ್ತಾದರೂ ಬದುಕಬೇಕಾದರೆ ತುದಿಗಳಿಗೆ ರಕ್ಷಣೆ ಬೇಕು. ಕೋಶದ ಮೇಲಿನ ಗ್ರಾಹಕ ಅದನ್ನು ಗುರುತಿಸುವುದೂ ಅದೇ ಮುಚ್ಚಿದ ರೂಪದಲ್ಲಿ.

1969ರ ಜನವರಿಯಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಸಭೆಯೊಂದು ಸೇರಿತು. ಒಂದು ದಶಕ ಹಣ ಸುರಿದರೂ ಒಂದು ಅಣುವೂ ಕೈಗೆ ಬಂದಿಲ್ಲ, ಈ ವಸ್ತುಗಳು ಇವೆಯೋ ಇಲ್ಲವೋ ಎಂಬ ಅನುಮಾನ ಗಟ್ಟಿಯಾಗಿ, ಅನುದಾನವೇ ನಿಲ್ಲುವ ಸ್ಥಿತಿ ಬಂದಿತ್ತು. ಅಲ್ಲಿ ಗಿಯ್‌ಮ್ಯಾಂ ತಂಡದ ರೋಜರ್ ಬರ್ಗಸ್ ತಮ್ಮ ಇನ್ನಷ್ಟು ಶುದ್ಧವಾದ ಮಾದರಿಯ ಬಹುಪಾಲು ತೂಕ ಅವೇ ಮೂರು ಅಮೈನೋ ಆಮ್ಲಗಳದ್ದೆಂದು ತೋರಿಸಿದರು. ಶಾಲಿ ಬಿಟ್ಟ ಎಳೆಯನ್ನು ಅವರು ಎತ್ತಿಕೊಟ್ಟಂತಾಯಿತು. ಮುಂದಿನ ಹತ್ತು ತಿಂಗಳು ಎರಡೂ ಕಡೆ ನಡೆದದ್ದು ಕಟ್ಟುವ ಕೆಲಸ. ಮೂರು ಅಮೈನೋ ಆಮ್ಲಗಳನ್ನು ಆರು ಕ್ರಮಗಳಲ್ಲಿ ಜೋಡಿಸಬಹುದು. ಗಿಯ್‌ಮ್ಯಾಂ ಆ ಆರನ್ನೂ ತರಿಸಿ ಪರೀಕ್ಷಿಸಿದರು. ಒಂದೂ ಕೆಲಸ ಮಾಡಲಿಲ್ಲ. ಅವುಗಳ ತುದಿಯನ್ನು ಮುಚ್ಚಬಲ್ಲ ರಾಸಾಯನಿಕದಿಂದ ಸಂಸ್ಕರಿಸಿದಾಗ ಆರರಲ್ಲಿ ಒಂದು ಮಾತ್ರ ಎಚ್ಚೆತ್ತಿತು: ಗ್ಲುಟಾಮಿಕ್, ಹಿಸ್ಟಿಡಿನ್, ಪ್ರೋಲಿನ್ ಎಂಬ ಕ್ರಮದ್ದು. ಒಂದು ತುದಿಯ ಗುಟ್ಟು ಹೀಗೆ ಸಿಕ್ಕಿತು. ಇನ್ನೊಂದು ತುದಿಗೆ ಅಮೈಡ್ ಸೇರಿಸಿದಾಗ ಶಕ್ತಿ ಸಹಜ ಹಾರ್ಮೋನಿನ ಮಟ್ಟಕ್ಕೆ ಏರಿತು. ಶಾಲಿಯ ಕಡೆ ಇದೇ ಕೆಲಸವನ್ನು ಕಾರ್ಲ್ ಫೋಕರ್ಸ್ ಅವರ ಟೆಕ್ಸಾಸ್ ತಂಡ ಮಾಡಿತು. 1969ರ ನವೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡೂ ಪ್ರಬಂಧಗಳು ಹೊರಬಿದ್ದವು. ಕುರಿಯದೂ ಹಂದಿಯದೂ ಒಂದೇ ಅಣುವಾಗಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ, ಮೆದುಳಿನ ರಾಶಿಯ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ರಾಶಿ ಪ್ರಶ್ನೆಯನ್ನು ಸ್ಪಷ್ಟಗೊಳಿಸಿತು. ಉತ್ತರ ಬಂದದ್ದು ಕಟ್ಟುವುದರಿಂದ. ಬಿಡಿಸುವ ವಿಧಾನಗಳೆಲ್ಲ ಆ ಮುಚ್ಚಿದ ತುದಿಗಳ ಮುಂದೆ ನಿಂತುಹೋದಾಗ, ಸಾಧ್ಯವಿರುವ ರೂಪಗಳನ್ನೆಲ್ಲ ಕಟ್ಟಿ, ಯಾವುದು ಸಹಜದಂತೆ ನಡೆದುಕೊಳ್ಳುತ್ತದೆಂದು ನೋಡುವುದೊಂದೇ ದಾರಿ ಉಳಿದಿತ್ತು. ಇದಕ್ಕೆ ಒಂದು ಆಕ್ಷೇಪ ಕೂಡಲೇ ಏಳುತ್ತದೆ. ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ 1955ರ ಹೊತ್ತಿಗೆ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಕ್ರಮವನ್ನು ಬರೀ ಬಿಡಿಸಿ ಓದಿದ್ದರಲ್ಲ? ಹೌದು, ಅವರ ಎದುರಿಗೆ ಔಷಧಿ ಅಂಗಡಿಗೆ ಹೋಗುವ ಇನ್ಸುಲಿನ್ ಬೇಕಾದಷ್ಟಿತ್ತು, ತುದಿಗಳೂ ತೆರೆದಿದ್ದವು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೋಲಿಸಿ ನೋಡಲು ಆ ಒಂದು ಮಿಲಿಗ್ರಾಂ ಸಹಜ ವಸ್ತು ಇರದಿದ್ದರೆ ಕಟ್ಟಿದ್ದು ಸರಿಯೋ ತಪ್ಪೋ ಎಂದು ಹೇಳುವವರಾರು? ಇದನ್ನು ಒಪ್ಪಲೇಬೇಕು. ಗಿಯ್‌ಮ್ಯಾಂ ತಂಡ ಕೊನೆಯ ಹಂತದಲ್ಲಿ ಸಹಜ ಮತ್ತು ಕೃತಕ ವಸ್ತುಗಳೆರಡನ್ನೂ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿಟ್ಟು ಗೆರೆಗೆ ಗೆರೆ ಹೊಂದಿಸಿ ನೋಡಿದ್ದೂ ಅದಕ್ಕಾಗಿಯೇ. ಅಷ್ಟಾದರೂ ಆ ಮಿಲಿಗ್ರಾಂ ಒರೆಗಲ್ಲಾಗಿಯೇ ಉಳಿಯಿತು, ಚಿನ್ನ ಬಂದದ್ದು ಬೇರೆ ಕಡೆಯಿಂದ.

ಈ ಶೋಧದ ಬಗ್ಗೆ ಮುಂದೆ ಎರಡು ಬಗೆಯ ಚರ್ಚೆ ನಡೆಯಿತು. ಪತ್ರಕರ್ತ ನಿಕೊಲಸ್ ವೇಡ್ 1981ರಲ್ಲಿ ಈ ಇಬ್ಬರ ಜಗಳವನ್ನೇ ಪುಸ್ತಕವಾಗಿ ಬರೆದರು. ಹಗೆತನ ಕೆಲಸವನ್ನು ಚುರುಕುಗೊಳಿಸಿತೋ ಕೆಡಿಸಿತೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಬಿಡದೆ ಹಿಡಿದರು, ಅದು ಲಾಭ. ಒಂದೇ ಅಣುವಿಗಾಗಿ ಎರಡು ಕಾರ್ಖಾನೆ ನಡೆದವು, ಅದು ನಷ್ಟ. ಎರಡನೆಯ ಚರ್ಚೆ ತಾತ್ವಿಕವಾದದ್ದು. 1975ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿದ್ದ ಗಿಯ್‌ಮ್ಯಾಂ ಪ್ರಯೋಗಾಲಯಕ್ಕೆ ಬ್ರೂನೋ ಲಾಟೂರ್ ಎಂಬ ಯುವ ಫ್ರೆಂಚ್ ವಿದ್ವಾಂಸ ಬಂದು, ಬುಡಕಟ್ಟೊಂದನ್ನು ಗಮನಿಸುವ ಮಾನವಶಾಸ್ತ್ರಜ್ಞರಂತೆ ಸುಮಾರು ಎರಡು ವರ್ಷ ಕುಳಿತರು. ಸ್ಟೀವ್ ವೂಲ್ಗರ್ ಜೊತೆ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಹೇಳಿದ್ದು, ಟಿಆರ್‌ಎಚ್ ಎಂಬ ಸತ್ಯ ಪ್ರಕೃತಿಯಲ್ಲಿ ಸಿದ್ಧವಾಗಿ ಬಿದ್ದಿರಲಿಲ್ಲ, ಉಪಕರಣ, ಪ್ರಬಂಧ, ವಾದಗಳ ಮೂಲಕ ಅದನ್ನು ನಿರ್ಮಿಸಲಾಯಿತು ಎಂದು. ವಿಜ್ಞಾನಿಗಳಲ್ಲಿ ಹಲವರಿಗೆ ಇದು ಸಿಟ್ಟು ತರಿಸಿತು. ಯಾವ ಮಾತನ್ನು ಪುರಾವೆಯೆಂದು ಒಪ್ಪಬೇಕೆಂಬ ಮಾನದಂಡವೇ ಆ ವರ್ಷಗಳಲ್ಲಿ ಬಿಗಿಯಾಯಿತೆಂಬ ಲಾಟೂರ್ ಅವರ ಗಮನಿಕೆ ಸರಿ. ಆದರೆ 1966ರಲ್ಲಿ ಎಲ್ಲರೂ ಒಪ್ಪಿದ್ದ ಪುರಾವೆ ಶಾಲಿಯನ್ನು ಒಂದು ಕಡೆ ತಳ್ಳಿತು, ಅಣು ಇನ್ನೊಂದು ಕಡೆ ನಿಂತಿತ್ತು. ಸಮ್ಮತಿಯಿಂದ ಸತ್ಯ ಕಟ್ಟುವುದಾಗಿದ್ದರೆ ಆ ಆರು ಪೆಪ್ಟೈಡ್‌ಗಳಲ್ಲಿ ಐದು ಅಷ್ಟು ಹಟದಿಂದ ಸುಮ್ಮನಿರುತ್ತಿರಲಿಲ್ಲ.

ಟಿಆರ್‌ಎಚ್ ಸಿಕ್ಕ ಮೇಲೆ ಬಾಗಿಲು ತೆರೆದಂತಾಯಿತು. 1971ರಲ್ಲಿ ಶಾಲಿ ತಂಡದ ಹಿಸಾಯುಕಿ ಮಾತ್ಸುವೊ, ಸಂತಾನೋತ್ಪತ್ತಿಯ ದಾರಿಯ ಅಪ್ಪಣೆಯಾದ ಎಲ್‌ಎಚ್‌ಆರ್‌ಎಚ್‌ನ ಹತ್ತು ಕೊಂಡಿಗಳ ಕ್ರಮವನ್ನು ಒಂದು ಮಿಲಿಗ್ರಾಂಗೂ ಕಡಿಮೆ ವಸ್ತುವಿನಿಂದ ಬಿಡಿಸಿದರು. ಅದರ ಎರಡೂ ತುದಿಗಳು ಟಿಆರ್‌ಎಚ್‌ನಂತೆಯೇ ಮುಚ್ಚಿದ್ದವು; ಈ ಸಲ ಯಾರೂ ಮೋಸಹೋಗಲಿಲ್ಲ. ಅದೇ ವರ್ಷ ಆ ಹತ್ತನ್ನೂ ಪ್ರಯೋಗಾಲಯದಲ್ಲೇ ಕಟ್ಟಲಾಯಿತು. ಕಟ್ಟಿದ ರೀತಿ ಮುಖ್ಯ. ನ್ಯೂಯಾರ್ಕಿನ ರಾಕಫೆಲ್ಲರ್ ಸಂಸ್ಥೆಯ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಒಬ್ಬರೇ ಸಹಿ ಮಾಡಿದ ಪ್ರಬಂಧವೊಂದರಲ್ಲಿ ಹೊಸ ಉಪಾಯ ಹೇಳಿದ್ದರು. ಅಲ್ಲಿಯವರೆಗೆ ಒಂದೊಂದು ಕೊಂಡಿ ಸೇರಿಸಿದಾಗಲೂ ಸಿಕ್ಕಿದ್ದನ್ನು ಶುದ್ಧಮಾಡಿ ತೆಗೆಯಬೇಕಿತ್ತು, ಪ್ರತಿ ಸಲ ಒಂದಷ್ಟು ಕಳೆದುಹೋಗುತ್ತಿತ್ತು. ಮೆರಿಫೀಲ್ಡ್ ಮೊದಲ ಅಮೈನೋ ಆಮ್ಲವನ್ನು ಸಣ್ಣ ಪಾಲಿಸ್ಟೈರೀನ್ ಮಣಿಗಳಿಗೆ ಅಂಟಿಸಿಬಿಟ್ಟರು. ಸರಪಳಿ ಮಣಿಯ ಮೇಲೆಯೇ ಬೆಳೆಯುತ್ತದೆ, ಬೇಡದ್ದನ್ನೆಲ್ಲ ತೊಳೆದು ಚೆಲ್ಲಬಹುದು, ಕೊನೆಗೆ ಮಣಿಯಿಂದ ಬಿಡಿಸಿಕೊಂಡರೆ ಆಯಿತು. ಕೆಲಸವನ್ನು ಯಂತ್ರಕ್ಕೂ ಒಪ್ಪಿಸಬಹುದು. ಹಳೆಯ ಕ್ರಮದ ರಸಾಯನಶಾಸ್ತ್ರಜ್ಞರು ಇದನ್ನು ಅನುಮಾನಿಸಿದರು. ಪ್ರತಿ ಹಂತದಲ್ಲೂ ಪರೀಕ್ಷಿಸದ ವಸ್ತು ಶುದ್ಧವೆಂದು ಹೇಗೆ ನಂಬುವುದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಉದ್ದ ಸರಪಳಿಗಳಲ್ಲಿ ದೋಷಗಳು ನಿಜಕ್ಕೂ ಕೂಡಿಕೊಳ್ಳುತ್ತವೆ. ಹತ್ತು ಕೊಂಡಿಗಳ ಹಾರ್ಮೋನಿಗೆ ಅದು ತೊಡಕಾಗಲಿಲ್ಲ. 1984ರ ನೊಬೆಲ್ ಮೆರಿಫೀಲ್ಡ್‌ಗೆ ಬಂತು.

ಕಟ್ಟಬಲ್ಲವರಿಗೆ ಬದಲಿಸಲೂ ಬರುತ್ತದೆ. 1973ರಲ್ಲಿ ಸಾಲ್ಕ್ ತಂಡ ಎಲ್‌ಎಚ್‌ಆರ್‌ಎಚ್‌ನ ಆರನೆಯ ಸ್ಥಾನದಲ್ಲಿದ್ದ ಗ್ಲೈಸಿನ್ ತೆಗೆದು, ಅಲ್ಲಿ ಎಡ-ಬಲ ಅದಲುಬದಲಾದ ರೂಪದ ಅಲನಿನ್ ಇಟ್ಟಾಗ ಪೆಪ್ಟೈಡ್‌ನ ಶಕ್ತಿ ಹಲವು ಪಟ್ಟು ಏರಿತು. ಇದನ್ನು ಅರ್ಥಮಾಡಿಕೊಳ್ಳುವ ದಾರಿ ಮದರಾಸಿನಲ್ಲಿ ಮೊದಲೇ ಸಿದ್ಧವಾಗಿತ್ತು. ಮೆರಿಫೀಲ್ಡ್ ಪ್ರಬಂಧ ಬಂದ 1963ರಲ್ಲೇ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರೂ ಪೆಪ್ಟೈಡ್ ಬಂಧದ ಆಚೀಚೆಗಿನ ತಿರುವುಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು ಬರೆದಿದ್ದರು. 1968ರಲ್ಲಿ ಅಲ್ಲಿಯವರೇ ಆದ ವೆಂಕಟಾಚಲಂ ಸರಪಳಿ ಗಕ್ಕನೆ ಹಿಂದಕ್ಕೆ ತಿರುಗುವ ಬಗೆಗಳನ್ನು ವಿಂಗಡಿಸಿದರು. ಆ ನಕ್ಷೆಯಲ್ಲಿ ಸಹಜ ಅಮೈನೋ ಆಮ್ಲಗಳಿಗೆ ಪ್ರವೇಶವಿಲ್ಲದ ಪ್ರದೇಶವೊಂದಿದೆ. ಪಕ್ಕಗುಂಪಿಲ್ಲದ ಗ್ಲೈಸಿನ್ ಮಾತ್ರ ಅಲ್ಲಿಗೂ ಹೋಗಬಲ್ಲದು, ಅದಲುಬದಲಾದ ರೂಪಗಳಂತೂ ಅಲ್ಲೇ ನೆಲೆಸುತ್ತವೆ. ಗ್ರಾಹಕಕ್ಕೆ ಬೇಕಾದದ್ದು ಆ ಸ್ಥಾನದಲ್ಲಿ ಬಾಗಿದ ಪೆಪ್ಟೈಡ್. ಗ್ಲೈಸಿನ್ ಬಾಗಬಲ್ಲದು ಅಷ್ಟೆ, ಬದಲಿ ಕೊಂಡಿ ಅದನ್ನು ಬಾಗಿಸಿಯೇ ಇಡುತ್ತದೆ, ಕಿಣ್ವಗಳಿಗೂ ಸುಲಭಕ್ಕೆ ಜಗ್ಗುವುದಿಲ್ಲ. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕದಲ್ಲಿ ಪಿ. ಬಲರಾಂ ಮುಂದೆ ದಶಕಗಳ ಕಾಲ ನಡೆಸಿದ ಪೆಪ್ಟೈಡ್ ಸಂಶೋಧನೆಯೂ ಇದೇ ದಾರಿಯದು: ಬೇಕಾದಲ್ಲಿ ಬಾಗುವ ಕೊಂಡಿಯಿಟ್ಟು ಆಕಾರವನ್ನು ಮೊದಲೇ ಗೊತ್ತುಮಾಡುವುದು.

ಬದಲಿಸಿದ ಹಾರ್ಮೋನು ಬಂಜೆತನ ನೀಗಿಸುತ್ತದೆ ಎಂದು ಎಲ್ಲರೂ ಕಾದರು. ಬಂದ ಫಲ ತಿರುಗುಮುರುಗಾಗಿತ್ತು. ಅದನ್ನು ಬಿಡದೆ ಕೊಡುತ್ತಾ ಹೋದರೆ ಪಿಟ್ಯುಟರಿ ಮೊದಲು ಎದ್ದು, ಆಮೇಲೆ ಕಿವುಡಾಗುತ್ತಿತ್ತು. ಕಾರಣವನ್ನು 1978ರಲ್ಲಿ ಅರ್ನ್‌ಸ್ಟ್ ನೋಬಿಲ್ ತಂಡ ಕೋತಿಗಳಲ್ಲಿ ತೋರಿಸಿತು: ಸಹಜ ಅಪ್ಪಣೆ ಬರುವುದು ಗಂಟೆಗೊಮ್ಮೆ, ಬಿಟ್ಟುಬಿಟ್ಟು, ಆ ಬಿಡುವೂ ಅಪ್ಪಣೆಯ ಭಾಗ. ಕಿವುಡಾಗುವ ಗುಣವನ್ನೇ ವೈದ್ಯರು ಬಳಸಿಕೊಂಡರು. ಪುರುಷ ಹಾರ್ಮೋನನ್ನು ನಿಲ್ಲಿಸಿ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಹಿಡಿಯುವ ಲ್ಯೂಪ್ರೊಲೈಡ್‌ಗೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರಲ್ಲೂ ಬದಲಾಗಿರುವುದು ಆರನೆಯ ಕೊಂಡಿ ಮತ್ತು ಕೊನೆಯ ತುದಿ. ಅಷ್ಟರಲ್ಲಿ 1977ರ ನೊಬೆಲ್ ಗಿಯ್‌ಮ್ಯಾಂ, ಶಾಲಿ ಇಬ್ಬರಿಗೂ ಬಂದಿತ್ತು. ರಕ್ತದಲ್ಲಿನ ಅತಿ ಸೂಕ್ಷ್ಮ ಪ್ರಮಾಣದ ಪೆಪ್ಟೈಡ್ ಅಳೆಯುವ ವಿಧಾನ ಕಂಡುಹಿಡಿದ ರೊಸಾಲಿನ್ ಯಾಲೊ ಅದರ ಅರ್ಧಪಾಲು ಪಡೆದರು. ಹ್ಯಾರಿಸ್ 1971ರಲ್ಲೇ ತೀರಿಕೊಂಡಿದ್ದರು. ಇಬ್ಬರೂ ಮೊದಲು ಬೆನ್ನು ಹತ್ತಿ ಸೋತಿದ್ದ ಅಡ್ರಿನಲ್ ದಾರಿಯ ಅಪ್ಪಣೆ ಸಿಕ್ಕಿದ್ದು 1981ರಲ್ಲಿ, ಗಿಯ್‌ಮ್ಯಾಂ ಅವರ ಶಿಷ್ಯರಾಗಿದ್ದ ವೈಲಿ ವೇಲ್ ಅವರಿಗೆ. ಅದರಲ್ಲಿ 41 ಕೊಂಡಿಗಳಿದ್ದವು.

ನಮ್ಮ ಕಡೆ ಈ ಸಂಶೋಧನೆಯ ಫಲ ಹೆಚ್ಚು ಕಾಣುವುದು ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನೆರೆ ಬಂದ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಮೊದಲೆಲ್ಲ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮೀನಿನ ಪಿಟ್ಯುಟರಿಯನ್ನು ಅರೆದು ಚುಚ್ಚಿ ಈ ಜಾತಿಗಳನ್ನು ಮೊಟ್ಟೆಯಿಡುವಂತೆ ಮಾಡಿದರು, ಆ ದಿನವನ್ನು ದೇಶ ಈಗ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಆದರೆ ಗ್ರಂಥಿಗಾಗಿ ಮೀನಿನ ತಲೆಗಳನ್ನು ಕೂಡಿಹಾಕಬೇಕು, ಒಂದರ ಸತ್ವ ಇನ್ನೊಂದಕ್ಕಿಲ್ಲ. ಹಾಗಾಗಿ ಸಾಲ್ಮನ್ ಮೀನಿನ ಎಲ್‌ಎಚ್‌ಆರ್‌ಎಚ್ ಮಾದರಿಯ, ಆರನೆಯ ಕೊಂಡಿ ಬದಲಿಸಿದ ಕೃತಕ ಪೆಪ್ಟೈಡ್ ಸೀಸೆಯಲ್ಲಿ ಬಂದಾಗ ಗ್ರಂಥಿಯ ಬಳಕೆ ಹಿಂದೆ ಸರಿಯಿತು. ಅಷ್ಟಾದರೂ ಕಟ್ಟಿದ ಅಣುವೊಂದೇ ಸಾಕಾಗಲಿಲ್ಲ. ಗೆಂಡೆ ಜಾತಿಯ ಮೀನುಗಳಲ್ಲಿ ಹೈಪೊಥಲಾಮಸ್ ಪಿಟ್ಯುಟರಿಗೆ 'ಬಿಡು' ಎಂಬ ಪೆಪ್ಟೈಡ್ ಅಪ್ಪಣೆಯ ಜೊತೆಗೇ ಡೋಪಮಿನ್ ಎಂಬ ರಾಸಾಯನಿಕದ ಮೂಲಕ 'ತಡೆ' ಎಂದೂ ಹೇಳುತ್ತಿರುತ್ತದೆ ಎಂದು ಕೆನಡಾದ ರಿಚರ್ಡ್ ಪೀಟರ್ ತೋರಿಸಿದರು. ಅವರೂ ಚೀನಾದ ಲಿನ್ ಹಾವ್‌ರಾನ್ ಅವರೂ ರೂಪಿಸಿದ ವಿಧಾನದಲ್ಲಿ ಪೆಪ್ಟೈಡ್ ಜೊತೆಗೆ ಆ ತಡೆಯನ್ನು ತೆಗೆಯುವ ಔಷಧವನ್ನೂ ಬೆರೆಸುತ್ತಾರೆ. ಮುಂಗಾರಿನಲ್ಲಿ ತಾಯಿ ಮೀನುಗಳಿಗೆ ಕೊಡುವ ಒಂದೇ ಚುಚ್ಚುಮದ್ದಿನಲ್ಲಿ ಈಗ ಎರಡೂ ಇರುತ್ತವೆ.